ಗ್ಯಾಸ್ ಎಲ್ಲಿಗೆ ಹೋಯಿತು?

ಕೇರಳದಲ್ಲಿ ಕೆಲಸ ಮಾಡಿ ಬಂದವರನ್ನು ನಮ್ಮ ಕಡೆಯವರು ಕೇಳುವ ಪ್ರಶ್ನೆಗಳು ಮೂರೇ. ಊಟಕ್ಕೆ ಏನು ಮಾಡುತ್ತಿದ್ದಿರಿ, ಮಲಯಾಳ ಬರುತ್ತದಾ, ಆ ಸೆಖೆ ಹೇಗೆ ತಡೆದಿರಿ. ಮೊದಲೆರಡಕ್ಕೆ ಒಂದೊಂದು ಮಾತಿನ ಉತ್ತರ ಸಾಕು. ಮನೆಯಲ್ಲಿ ಮುದ್ದೆ ಆಗುತ್ತಿತ್ತು. ಮಲಯಾಳ ಬರುತ್ತಿರಲಿಲ್ಲ, ಆಮೇಲೆ ಬಂತು. ಮೂರನೆಯದಕ್ಕೆ ಮಾತ್ರ ಉತ್ತರ ಸ್ವಲ್ಪ ಉದ್ದ, ಅದರೊಳಗೆ ಒಂದು ಕಾರೂ ಇದೆ.

ಮೊದಲು ಸೆಖೆಯ ಲೆಕ್ಕ ನೋಡೋಣ. ನನ್ನ ಊರು ತಿಪಟೂರು. ಏಪ್ರಿಲ್ ತಿಂಗಳಲ್ಲಿ ನಮ್ಮಲ್ಲಿ ಮೂವತ್ತಾರು, ಮೂವತ್ತೇಳು ಡಿಗ್ರಿ ಬಿಸಿಲು. ಕೊಚ್ಚಿಯಲ್ಲಿ ಅದೇ ತಿಂಗಳು ಮೂವತ್ತಮೂರರ ಆಸುಪಾಸು. ಥರ್ಮಾಮೀಟರ್ ನಂಬುವುದಾದರೆ ಕೊಚ್ಚಿಯೇ ತಂಪು. ಆದರೆ ನಮ್ಮೂರಿನ ಬಿಸಿಲಲ್ಲಿ ನಡೆದು ಬಂದು ಹೊಂಗೆ ಮರದ ಕೆಳಗೆ ನಿಂತರೆ ಐದು ನಿಮಿಷದಲ್ಲಿ ಬೆವರು ಆರುತ್ತದೆ. ಕೊಚ್ಚಿಯಲ್ಲಿ ನೆರಳಲ್ಲಿ ನಿಂತರೂ ಬೆವರು ಆರುವುದಿಲ್ಲ. ಅಲ್ಲಿನ ಗಾಳಿ ಆಗಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ, ನಿಮ್ಮದನ್ನು ಎಲ್ಲಿ ಇಟ್ಟುಕೊಳ್ಳಬೇಕು? ತೆಂಗು ಬೆಳೆಯುವ ಎರಡು ಊರಿನ ವ್ಯತ್ಯಾಸ ಕೊಬ್ಬರಿಯಲ್ಲೇ ಗೊತ್ತಾಗುತ್ತದೆ. ನಾವು ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಇಡುತ್ತೇವೆ, ಒಳಗಿನ ನೀರು ತಾನಾಗಿ ಆರಿ ಉಂಡೆ ಕೊಬ್ಬರಿ ಆಗುತ್ತದೆ. ಅಲ್ಲಿಯವರು ಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೋ ಹೊಗೆಗೂಡಿಗೋ ಹಾಕಿಯೇ ಒಣಗಿಸಬೇಕು. ನಾನು ಅಟ್ಟದ ಮೇಲೆ ಬೆಳೆದ ಕೊಬ್ಬರಿ. 2006ರಲ್ಲಿ ಬ್ಯಾಂಕು ನನ್ನನ್ನು ಎತ್ತಿ ನೀರಿನ ನಡುವೆ ಇಟ್ಟಿತು.

ನೀರಿನ ನಡುವೆ ಅನ್ನುವುದು ಉಪಮೆ ಅಲ್ಲ. ನಮ್ಮ ಶಾಖೆ ಇದ್ದದ್ದು ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಈ ದ್ವೀಪದ ಬಹುಭಾಗ ದೇವರು ಮಾಡಿದ್ದಲ್ಲ. ಕೊಚ್ಚಿಯ ಒಳಗೆ ದೊಡ್ಡ ಹಡಗು ಬರಲು ದಾರಿ ಬೇಕೆಂದು ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು 1920ರಲ್ಲಿ ಬಂದರು. ಹಿನ್ನೀರಿನ ತಳವನ್ನು ತೋಡಿ ತೆಗೆದ ಮಣ್ಣು, ಹೂಳನ್ನೆಲ್ಲ ವೆಂಡುರುತ್ತಿ ಎಂಬ ಸಣ್ಣ ದ್ವೀಪದ ಪಕ್ಕಕ್ಕೆ ಸುರಿದು ಹೊಸ ನೆಲ ಎಬ್ಬಿಸಿದರು. 1928ರಲ್ಲಿ ‘ಪದ್ಮಾ’ ಎಂಬ ಹಡಗು ಒಳಬಂದರಿಗೆ ಬಂತು. ಹೊಸ ನೆಲಕ್ಕೆ ಲಾರ್ಡ್ ವಿಲ್ಲಿಂಗ್ಡನ್ನರ ಹೆಸರಿಟ್ಟರು. ನಾನು ಹೋದಾಗ ಬಂದರು ಮಂಡಳಿ, ಕಸ್ಟಮ್ಸ್ ಕಚೇರಿ, ನೌಕಾಪಡೆ, ಚಹಾ ಹರಾಜು, ಮೀನುಗಾರಿಕಾ ತಂತ್ರಜ್ಞಾನದ ಕೇಂದ್ರ ಸಂಸ್ಥೆ ಎಲ್ಲ ಅಲ್ಲೇ. ಕಂಟೇನರ್ ಟರ್ಮಿನಲ್ ಕೂಡ ಅಲ್ಲೇ ಇತ್ತು, ಅದು ವಲ್ಲಾರ್‌ಪಾಡಂಗೆ ಹೋದದ್ದು 2011ರಲ್ಲಿ. ನಮ್ಮ ಗಿರಾಕಿಗಳೆಂದರೆ ಕ್ಲಿಯರಿಂಗ್ ಏಜೆಂಟರು, ಚಹಾ ಮತ್ತು ಸಂಬಾರದವರು, ಸಿಗಡಿ ರಫ್ತು ಮಾಡುವವರು. ತಿಪಟೂರಿನವನಿಗೆ ಕೊಬ್ಬರಿ ದಲ್ಲಾಳಿಯ ಲೆಕ್ಕ ಗೊತ್ತು. ಸಿಗಡಿಯ ಲೆಟರ್ ಆಫ್ ಕ್ರೆಡಿಟ್ ಅಲ್ಲಿಗೆ ಹೋಗಿ ಕಲಿತದ್ದು.

ಮನೆ ತೇವರದಲ್ಲಿ. ಬೆಳಿಗ್ಗೆ ವೆಂಡುರುತ್ತಿ ಸೇತುವೆ ದಾಟಿ ದ್ವೀಪಕ್ಕೆ, ಸಂಜೆ ವಾಪಸ್. ಕಾರು ಇಡೀ ದಿನ ನೀರಿಗೆ ಮುಖ ಮಾಡಿ ಬಯಲಲ್ಲಿ ನಿಂತಿರುತ್ತಿತ್ತು. ಉಪ್ಪಿನ ಗಾಳಿ ನೇರ ಅದರ ಮೂಗಿಗೆ. ಕಾರಿನ ಎ.ಸಿ.ಯ ಕಂಡೆನ್ಸರ್ ಇರುವುದೂ ಅಲ್ಲೇ, ರೇಡಿಯೇಟರಿನ ಮುಂದೆ. ಅದು ತೆಳು ಅಲ್ಯುಮಿನಿಯಂ. ಇದನ್ನು ಈಗಲೇ ಹೇಳಿಬಿಟ್ಟೆ, ಮುಂದೆ ಬೇಕಾಗುತ್ತದೆ.

2008ರ ಹೊತ್ತಿಗೆ ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಅಮ್ಮ ನಮ್ಮ ಜೊತೆ ಕೊಚ್ಚಿಗೆ ಬಂದಳು. ಆಗ ಅವಳಿಗೆ ಎಪ್ಪತ್ತೊಂದು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವೊಂದನ್ನು ಕಿರಿದು ಮಾಡಿಟ್ಟಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಎರ್ನಾಕುಲಂನ ಡಾಕ್ಟರು ನೋಡಿ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗೆ ಒಮ್ಮೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು. ನಮ್ಮ ಜಯದೇವ ಬಿಟ್ಟು ಅಲ್ಲಿಗೆ ಯಾಕೆ ಎಂದು ಊರಿಂದ ಫೋನುಗಳು ಬಂದವು. ಅಮ್ಮ ಇದ್ದದ್ದು ಇಲ್ಲಿ, ಮಗ ಇದ್ದದ್ದು ಇಲ್ಲಿ. ಶ್ರೀ ಚಿತ್ರಾ ಕೂಡ ಕಡಿಮೆಯದಲ್ಲ. 1980ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದದ್ದು, ನಮ್ಮ ದೇಶದ್ದೇ ಆದ ಕೃತಕ ಹೃದಯ ಕವಾಟ ತಯಾರಿಸಿ 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅಳವಡಿಸಿದ್ದು. ಏಪ್ರಿಲ್ 23, ಬುಧವಾರ ಬನ್ನಿ ಎಂದು ದಿನ ಕೊಟ್ಟರು.

ಇನ್ನೂರು ಚಿಲ್ಲರೆ ಕಿಲೋಮೀಟರ್ ದಾರಿ. ರೈಲು ಬೇಕಾದಷ್ಟಿದ್ದವು, ಆದರೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು, ಪ್ಲಾಟ್‌ಫಾರ್ಮಿನ ನೂಕುನುಗ್ಗಲು ಅಮ್ಮನಿಂದ ಆಗದು. ಕಾರೇ ಗತಿ. ಆಗಿನ 47ನೇ ಹೆದ್ದಾರಿಯಲ್ಲಿ, ಅಂದರೆ ಈಗಿನ 66ರಲ್ಲಿ, ಆಲಪ್ಪುಳ, ಹರಿಪ್ಪಾಡ್, ಕಾಯಂಕುಳಂ, ಕೊಲ್ಲಂ, ಆಟ್ಟಿಂಗಲ್ ಹಾದು ಹೋಗಬೇಕು. ದಾರಿಯುದ್ದಕ್ಕೂ ಊರು ಮುಗಿಯದ ಊರು. ಐದಾರು ಗಂಟೆ ಆಗಿಯೇ ಆಗುತ್ತದೆ. ಕಿಟಕಿ ತೆಗೆದರೆ ಲಾರಿಗಳ ಹೊಗೆ, ಮುಚ್ಚಿದರೆ ಉಸಿರುಗಟ್ಟುತ್ತದೆ. ಅಂಥ ಹೊತ್ತಿಗೆ, ವಿಷು ಹಬ್ಬದ ಮರುದಿನ, ಎ.ಸಿ. ಬಿಸಿಗಾಳಿ ಬಿಡಲು ಶುರು ಮಾಡಿತು.

ಅಮ್ಮನನ್ನು ತೇವರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಅವಳ ಸೀರೆಯೆಲ್ಲ ಒದ್ದೆ. "ಇದರೊಳಗೆ ಕೂತ್ರೆ ಕಡುಬಿನ ಪಾತ್ರೆಲಿ ಕೂತಂಗಾಯ್ತದೆ ಕಣಪ್ಪ" ಅಂದಳು. ಹೆಂಡತಿ ಅಡುಗೆಮನೆಗೆ ಕರೆದು ಮೆಲ್ಲಗೆ, "ರೀ, ಇದರಲ್ಲಿ ಅಷ್ಟು ದೂರ ಅತ್ತೇನ ಕರ್ಕೊಂಡು ಹೋಗೋಕಾಗಲ್ಲ. ಟ್ಯಾಕ್ಸಿ ಮಾಡಿ, ಇಲ್ಲಾ ಇದನ್ನ ಸರಿ ಮಾಡ್ಸಿ" ಅಂದಳು. ಅಮ್ಮನಿಗೆ ಬಾಡಿಗೆ ಗಾಡಿ ಅಂದರೆ ಆಗದು. ಪರಭಾಷೆಯ ಡ್ರೈವರ ಮುಂದೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಪ್ಪಾ ಎನ್ನಲು ಅವಳಿಗೆ ಸಂಕೋಚ.

ಫೆಬ್ರವರಿಯಲ್ಲೂ ಹೀಗೇ ಆಗಿತ್ತು. ಆಗ ಕಾರಿನ ಸರ್ವಿಸಿಗೆ ಹೋಗುತ್ತಿದ್ದ ಜಾಗದಲ್ಲೇ "ಗ್ಯಾಸ್ ಮುಗಿದಿದೆ" ಅಂತ ತುಂಬಿಸಿ, ಸಾವಿರದ ಇನ್ನೂರು ತೆಗೆದುಕೊಂಡಿದ್ದರು. ಎರಡು ತಿಂಗಳಿಗೆ ಮತ್ತೆ ಅದೇ ಪಾಡು. ಫೋನು ಮಾಡಿದರೆ, "ತನ್ನಿ ಸಾರ್, ಟಾಪ್ ಅಪ್ ಮಾಡಿಕೊಡ್ತೀವಿ" ಎಂಬ ಉತ್ತರ.

ಟಾಪ್ ಅಪ್ ಎಂಬ ಮಾತು ಕೇಳಿದರೆ ಬ್ಯಾಂಕಿನವನ ಕಿವಿ ನೆಟ್ಟಗಾಗುತ್ತದೆ. ನಮ್ಮಲ್ಲೂ ಈ ವಿದ್ಯೆ ಇತ್ತು. ಸಾಲಗಾರ ಕಂತು ಕಟ್ಟಲಾರ. ಅವನಿಗೆ ಇನ್ನೊಂದು ಸಾಲ ಕೊಡುವುದು, ಅದರಿಂದ ಹಳೆಯ ಕಂತು ಕಟ್ಟಿಸಿಕೊಳ್ಳುವುದು. ಖಾತೆ ಹಸಿರಾಗಿ ಕಾಣುತ್ತದೆ. ಇದಕ್ಕೆ ಎವರ್‌ಗ್ರೀನಿಂಗ್ ಎಂದೇ ಹೆಸರು. ಹಣ ಎಲ್ಲಿ ಸೋರಿತು ಎಂದು ಯಾರೂ ಕೇಳುವುದಿಲ್ಲ. ಮಾರ್ಚ್ 31 ದಾಟಿದರೆ ಸಾಕು. ಇಂಥ ಖಾತೆಗಳ ಫೈಲು ಬಂದಾಗ, ಹೊಸ ದುಡ್ಡು ಆಮೇಲೆ, ಮೊದಲು ಗೋದಾಮು ತೋರಿಸಿ ಎನ್ನುವುದು ನನ್ನ ರೂಢಿ. ಕಾರಿಗೂ ಅದೇ ನಿಯಮ ಹಾಕಿದೆ. ಗ್ಯಾಸು ಎಲ್ಲಿಗೆ ಹೋಯಿತು ಎಂದು ಹೇಳಿದವರಿಗೇ ಕೆಲಸ.

ನಮ್ಮ ಶಾಖೆಯ ಪ್ಯೂನು ತೋಪ್ಪುಂಪಡಿಯವರು. ಅವರು ಒಬ್ಬ ‘ಆಶಾನ್’ ಇದ್ದಾರೆ, ನೋಡಿ ಅಂದರು. ಕೇರಳದಲ್ಲಿ ವಿದ್ಯೆ ಕಲಿಸುವ ಗುರುವಿಗೂ ಆಶಾನ್, ವರ್ಕ್‌ಶಾಪಿನ ಹಿರಿಯ ಮೇಸ್ತ್ರಿಗೂ ಆಶಾನ್. ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿಸಿ ಹೋದೆ. ಮೀನುಗಾರಿಕೆ ಬಂದರಿನ ಕಡೆ ಒಂದು ತಗಡಿನ ಶೆಡ್ಡು. ಆಶಾನ್‌ಗೆ ಅರವತ್ತರ ಆಸುಪಾಸು, ಮುಂಡು ಮೇಲೆತ್ತಿ ಕಟ್ಟಿ ಸ್ಟೂಲಿನ ಮೇಲೆ ಕೂತಿದ್ದರು. ಹುಡುಗನಾಗಿದ್ದಾಗ ಸಿಗಡಿ ಫ್ರೀಜ್ ಮಾಡುವ ಕಾರ್ಖಾನೆಯಲ್ಲಿ ಅಮೋನಿಯಾ ಯಂತ್ರದ ಮುಂದೆ ಕೆಲಸ ಕಲಿತವರು. ಫ್ರೀಜ್ ಮಾಡಿದ ಸಿಗಡಿ ಕೊಚ್ಚಿಯಿಂದ ಅಮೆರಿಕಕ್ಕೆ ಹೊರಟದ್ದು 1953ರಲ್ಲಿ. ಆ ವ್ಯಾಪಾರ ಬೆಳೆದಂತೆ ತಂಪು ಮಾಡುವ ಕೆಲಸ ಬಲ್ಲವರೂ ಊರಲ್ಲಿ ಬೆಳೆದರು. ಸಿಗಡಿ ತಂಪಾಗದಿದ್ದರೆ ರಾತ್ರೋರಾತ್ರಿ ಲಕ್ಷಗಟ್ಟಲೆ ನಷ್ಟ. ಅಂಥಲ್ಲಿ ಪಳಗಿದ ಕೈ.

"ತಣುಪ್ಪಿಲ್ಲ, ಅಲ್ಲೇ ಸಾರೇ?" ಎಂದರು. ತಂಪಿಲ್ಲ, ಅಲ್ವಾ ಎಂದು. ನನ್ನ ಆಗಿನ ಮಲಯಾಳಕ್ಕೆ ಅಷ್ಟು ಸಾಕಾಯಿತು. ಗ್ಯಾಸು ತುಂಬಿಸಿ ಎರಡು ತಿಂಗಳಾಯಿತು ಎಂದೆ. ಅವರು ನಕ್ಕು, "ಗ್ಯಾಸ್ ತೀರಿಲ್ಲ ಸಾರೇ, ಚೋರುಂ" ಅಂದರು. ಗ್ಯಾಸು ತೀರುವುದಿಲ್ಲ, ಸೋರುತ್ತದೆ. ಚೋರು ಅಂದರೆ ನಮ್ಮ ಸೋರು. ಅವರ ಚೂಡು ನಮ್ಮ ಸುಡು. ಚಕಾರದ ಜಾಗದಲ್ಲಿ ಸಕಾರ ಹಾಕಿಕೊಂಡರೆ ಅರ್ಧ ಮಲಯಾಳ ನಮ್ಮ ಮನೆಯದೇ ಎಂದು ನನಗೆ ಹೊಳೆದದ್ದು ಆ ಶೆಡ್ಡಿನಲ್ಲಿ.

ಅವರ ಮಾತಿನ ಅರ್ಥ ಹೇಳುತ್ತೇನೆ. ಮಣ್ಣಿನ ಮಡಕೆಯ ನೀರು ಯಾಕೆ ತಂಪು? ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೊತ್ತು ಹೋಗುತ್ತದೆ. ಎ.ಸಿ. ಮಾಡುವುದೂ ಅದನ್ನೇ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನೊಳಗೆ ದ್ರವ ಆವಿಯಾಗಿ ಕಾರಿನ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಎಳೆದು ಅದುಮುತ್ತದೆ. ಮುಂದಿನ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಡ್ರೈಯರ್ ಎಂಬ ಸಣ್ಣ ಡಬ್ಬಿ ಅದರ ತೇವ ತೆಗೆಯುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರಿದಾದ ಕಂಡಿಯಲ್ಲಿ ಹಾದು ಒತ್ತಡ ಕಳೆದುಕೊಂಡು ಮತ್ತೆ ಕಾಯಿಲಿಗೆ ಬರುತ್ತದೆ. ಮಡಕೆಯಿಂದ ಹೋದ ನೀರು ವಾಪಸು ಬರುವುದಿಲ್ಲ, ಇಲ್ಲಿ ಪೂರ್ತಿ ವಾಪಸು ಬರಬೇಕು. ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ ಅದು. ವರ್ಷಗಟ್ಟಲೆಯಲ್ಲಿ ರಬ್ಬರ್ ಪೈಪು, ಸೀಲುಗಳಿಂದ ಅಷ್ಟಿಷ್ಟು ಜಿನುಗಬಹುದು. ಎರಡು ತಿಂಗಳಲ್ಲಿ ಖಾಲಿ ಎಂದರೆ ತೂತು ಇದೆ ಎಂದೇ.

ಆಶಾನ್ ತಕ್ಷಣ ಗ್ಯಾಸಿನ ಸಿಲಿಂಡರಿಗೆ ಕೈ ಹಾಕಲಿಲ್ಲ. ಮೊದಲು ಬ್ಲೋವರ್ ಹಾಕಿ ಗಾಳಿ ಜೋರಾಗಿ ಬರುತ್ತಿದೆಯೇ ನೋಡಿದರು. ಬರುತ್ತಿತ್ತು. ಹಾಗಾದರೆ ಬ್ಲೋವರಿನ ದೋಷವಲ್ಲ. ಬಾನೆಟ್ ತೆಗೆಸಿ ಎ.ಸಿ. ಗುಂಡಿ ಒತ್ತಿಸಿದರು. ಕಂಡೆನ್ಸರಿನ ಫ್ಯಾನು ತಿರುಗುತ್ತಿತ್ತು. ಕಂಪ್ರೆಸರಿನ ಕ್ಲಚ್ಚು ಟಕ್ ಎಂದು ಹಿಡಿಯಿತು, ನಾಲ್ಕೇ ಸೆಕೆಂಡಿಗೆ ಬಿಟ್ಟಿತು, ಮತ್ತೆ ಹಿಡಿಯಿತು. ಕ್ಲಚ್ಚು ಹಿಡಿಯುವುದೇ ಇಲ್ಲವಾದರೆ ಫ್ಯೂಸು, ರಿಲೇ, ವೈರು ನೋಡಬೇಕಂತೆ. ಹೀಗೆ ಹಿಡಿದು ಬಿಟ್ಟು ಮಾಡಿದರೆ ಗ್ಯಾಸು ಕಡಿಮೆ, ಪ್ರೆಷರ್ ಸ್ವಿಚ್ಚು ಕಂಪ್ರೆಸರನ್ನು ಕಾಪಾಡುತ್ತಿದೆ ಎಂದು ಲೆಕ್ಕ. ಆಮೇಲೆ ಎರಡು ಪೈಪು ಮುಟ್ಟಿ ನೋಡಿದರು. ಸಣ್ಣದು ಬಿಸಿ ಇರಬೇಕು, ದಪ್ಪನೆಯದು ತಣ್ಣಗೆ ಬೆವರಿರಬೇಕು. ಎರಡೂ ಉಗುರುಬೆಚ್ಚಗೆ.

ಇಂಜಿನ್ ಆರಿಸಿ ಎರಡು ಗೇಜು ಕಟ್ಟಿದರು. ಎರಡರಲ್ಲೂ ಐವತ್ತೈದು. "ಎರಡೂ ಒಂದೇ ಇದೆಯಲ್ಲ, ಟ್ಯಾಲಿ ಆಯಿತಲ್ಲ" ಎಂದೆ ತಮಾಷೆಗೆ. ಅವರು ವಿವರಿಸಿದ ಮೇಲೆ ಅದು ನನ್ನ ಎಂ.ಕಾಂ. ಪಾಠವೇ ಅನ್ನಿಸಿತು. ಟ್ರಯಲ್ ಬ್ಯಾಲೆನ್ಸಿನ ಎರಡು ಕಡೆ ಕೂಡಿದರೂ ಲೆಕ್ಕ ಸರಿಯಿದೆ ಎಂದಲ್ಲ. ಎರಡೂ ಕಡೆ ಬರೆಯದೇ ಬಿಟ್ಟ ವ್ಯವಹಾರ ಅದರಲ್ಲಿ ಕಾಣುವುದೇ ಇಲ್ಲ. ಇಂಜಿನ್ ನಿಂತಾಗ ಗೇಜುಗಳು ಹೇಗೂ ಸಮ. ಆ ಹವೆಯಲ್ಲಿ ನೂರರ ಆಸುಪಾಸು ತೋರಿಸಬೇಕು. ಸ್ವಾರಸ್ಯ ಏನೆಂದರೆ, ಪೂರ್ತಿ ನಾನೂರೈವತ್ತು ಗ್ರಾಂ ಇದ್ದರೂ ನೂರು, ಇನ್ನೂರು ಗ್ರಾಂ ಇದ್ದರೂ ಹೆಚ್ಚುಕಮ್ಮಿ ನೂರೇ. ಒಳಗೆ ಸ್ವಲ್ಪವಾದರೂ ದ್ರವ ಉಳಿದಿರುವ ತನಕ ಒತ್ತಡ ಇಳಿಯುವುದಿಲ್ಲ. ಐವತ್ತೈದಕ್ಕೆ ಇಳಿದಿದೆ ಎಂದರೆ ದ್ರವವೇ ಇಲ್ಲ. ಅದಕ್ಕೇ ಗ್ಯಾಸನ್ನು ಮುಳ್ಳು ನೋಡಿ ಅಲ್ಲ, ತಕ್ಕಡಿಯಲ್ಲಿ ತೂಗಿ ತುಂಬಬೇಕು. ಫೆಬ್ರವರಿಯಲ್ಲಿ ತುಂಬಿದವರ ಬಿಲ್ಲಿನಲ್ಲಿ ರೂಪಾಯಿ ಇತ್ತು, ಗ್ರಾಂ ಇರಲಿಲ್ಲ.

ಉಳಿದದ್ದು ತೂತು ಹುಡುಕುವುದು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದೆ. ಸೋರುವ ಕಡೆ ಎಣ್ಣೆ ಅಂಟಿ ಧೂಳು ಕಪ್ಪಗೆ ಕೂತಿರುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿ, ಕಂಡೆನ್ಸರಿನ ಕೆಳಮೂಲೆ ತೋರಿಸಿದರು. ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ, ಪಕ್ಕದಲ್ಲಿ ಬೆರಳಗಲ ಕಪ್ಪು ಕಲೆ. ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ನೈಟ್ರೋಜನ್ ತುಂಬಿ ಒತ್ತಡ ಏರಿಸಿ, ಸೋಪಿನ ನೀರನ್ನು ಬ್ರಷ್ಷಿನಲ್ಲಿ ಹಚ್ಚಿದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. "ದಾ, ಸಾರಿಂಡೆ ಗ್ಯಾಸ್" ಎಂದರು ಆಶಾನ್. ಇಗೋ ನಿಮ್ಮ ಗ್ಯಾಸು. ಎರಡು ವರ್ಷ ನೀರಿಗೆ ಎದುರಾಗಿ ನಿಂತದ್ದಕ್ಕೆ ದ್ವೀಪದ ಗಾಳಿ ವಸೂಲು ಮಾಡಿದ ಬಡ್ಡಿ ಅದು.

ಬೆಸುಗೆ ಹಾಕಬಹುದಲ್ಲ ಎಂದು ಕೇಳಿದೆ. ಹಾಕಬಹುದು, ಆದರೆ ಉಪ್ಪು ತಿಂದ ಲೋಹ ಪಕ್ಕದಲ್ಲೇ ಇನ್ನೊಂದು ಕಡೆ ಬಿಡುತ್ತದೆ, ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ದಾರಿಯಲ್ಲಿ ಬಿಟ್ಟರೆ ಏನು ಮಾಡುತ್ತೀರಿ ಎಂದರು. ಅಮ್ಮನ ವಿಷಯ ನಾನು ಒಂದೇ ಸಲ ಹೇಳಿದ್ದೆ. ಅವರು ಮರೆತಿರಲಿಲ್ಲ. ಹೊಸ ಕಂಡೆನ್ಸರು, ಹೊಸ ಡ್ರೈಯರು, ಓ ರಿಂಗುಗಳು, ಎಲ್ಲ ಸೇರಿ ಆರು ಸಾವಿರ ಚಿಲ್ಲರೆ. ಭಾನುವಾರ ಶೆಡ್ಡು ಮುಚ್ಚಿರುತ್ತದೆ. ಸೋಮವಾರ ಅರ್ಧ ದಿನ ರಜೆ ಹಾಕಿ, ಎರ್ನಾಕುಲಂನಿಂದ ಸಾಮಾನು ತಂದುಕೊಟ್ಟೆ.

ಅವತ್ತು ಕಂಡ ಎರಡು ಸಂಗತಿ ಬರೆಯಲೇಬೇಕು. ಡ್ರೈಯರಿನ ಮುಚ್ಚಳವನ್ನು ಆಶಾನ್ ಕಟ್ಟಕಡೆಯ ಗಳಿಗೆಯವರೆಗೆ ತೆಗೆಯಲಿಲ್ಲ. ಶಿಷ್ಯ ಹುಡುಗ ಮೊದಲೇ ತೆಗೆಯಲು ಹೋದಾಗ ಗದರಿದರು. ಕೊಚ್ಚಿಯ ಗಾಳಿಗೆ ತೆರೆದಿಟ್ಟರೆ ಅದು ಅಲ್ಲೇ ತೇವ ಹೀರಿ ಕೆಲಸಕ್ಕೆ ಬಾರದಾಗುತ್ತದೆ. ಇನ್ನೊಂದು, ಎಲ್ಲ ಜೋಡಿಸಿದ ಮೇಲೆ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಪಂಪು ಓಡಿಸಿದರು. ಒಳಗೆ ಉಳಿದ ಗಾಳಿ, ತೇವ ಎರಡೂ ಹೋಗಬೇಕು. ತೇವ ಉಳಿದರೆ ವಾಲ್ವಿನ ಕಂಡಿಯಲ್ಲಿ ಮಂಜುಗಟ್ಟುತ್ತದೆ, ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಗಿಂದ ತಿನ್ನುತ್ತದೆ. ಪಂಪು ನಿಲ್ಲಿಸಿ ಇನ್ನೂ ಅರ್ಧ ಗಂಟೆ ಮುಳ್ಳನ್ನೇ ನೋಡುತ್ತ ಕೂತರು. ಮುಳ್ಳು ಅಲುಗಿದರೆ ಇನ್ನೂ ತೂತಿದೆ ಎಂದರ್ಥ. ಅಲುಗಲಿಲ್ಲ. ಆಮೇಲೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ನಾನೂರೈವತ್ತು ಗ್ರಾಂ ಬಿಟ್ಟರು. ನಾನು ಚಹಾ ಕುಡಿಯುತ್ತ ಈ ಸುಮ್ಮನೆ ಕೂರುವ ಕೆಲಸ ನೋಡಿದೆ. ನಮ್ಮ ಬ್ಯಾಂಕಿನಲ್ಲೂ ಕಷ್ಟದ ಕೆಲಸ ಅದೇ: ಸಹಿ ಹಾಕುವುದಲ್ಲ, ಹಾಕದೆ ಇನ್ನೂ ಅರ್ಧ ಗಂಟೆ ನೋಡುವುದು.

ಗ್ಯಾಸಿನ ಬಗ್ಗೆಯೂ ಒಂದು ಮಾತು. ಹಳೆಯ ಕಾರುಗಳಲ್ಲಿ ಆರ್-12 ಎಂಬ ಗ್ಯಾಸು ಇರುತ್ತಿತ್ತು. ಅದು ಓಝೋನ್ ಪದರ ತಿನ್ನುತ್ತದೆ ಎಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಜಗತ್ತು ಅದನ್ನು ಬಿಡುತ್ತ ಬಂತು. ಭಾರತ ಸೇರಿದ್ದು 1992ರಲ್ಲಿ. ನಮ್ಮ ಕಾರಿನಲ್ಲಿದ್ದದ್ದು ಆರ್-134ಎ. ಇದು ಓಝೋನ್ ತಿನ್ನುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಇದನ್ನೂ ಕಡಿಮೆ ಮಾಡುತ್ತ ಹೋಗಲು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಯಿತು. ತೂತು ಮುಚ್ಚದೆ ಟಾಪ್ ಅಪ್ ಮಾಡಿಸುವುದೆಂದರೆ ದುಡ್ಡು ಕೊಟ್ಟು ಊರಿನ ಸೆಖೆ ಹೆಚ್ಚಿಸಿಕೊಂಡ ಹಾಗೆ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಅಮ್ಮ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ, ಮೊದಲು ಆಲಪ್ಪುಳದ ತನಕ ತೆಂಗಿನ ಮರ ಎಣಿಸಿದಳು, ಆಮೇಲೆ ನಿದ್ದೆ ಹೋದಳು. ಕೊಲ್ಲಂನಲ್ಲಿ ಕಾಫಿಗೆ ನಿಲ್ಲಿಸಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕಿ ಅಂಗೈಯಗಲ ಹರಡಿತ್ತು. ಹೆಂಡತಿ ಗಾಬರಿಯಾಗಿ, "ಇದೂ ಸೋರ್ತಿದೆಯೇನ್ರೀ?" ಅಂದಳು. ಇದು ಸೋರಬೇಕಾದ ನೀರು ಎಂದೆ. ಗಾಳಿಯಲ್ಲಿದ್ದ ತೇವ ತಣ್ಣನೆಯ ಕಾಯಿಲಿಗೆ ತಾಗಿ ಇಳಿದು ಬಂದದ್ದು. ನಮಗೆ ಬೇಕಿದ್ದದ್ದೂ ಅದೇ, ಕೊಚ್ಚಿಯಲ್ಲಿ ಎ.ಸಿ.ಯ ಅರ್ಧ ಕೆಲಸ ಗಾಳಿಯನ್ನು ತಣಿಸುವುದು, ಇನ್ನರ್ಧ ಹಿಂಡುವುದು. ಅಮ್ಮ ಕಣ್ಣು ಬಿಟ್ಟು, "ನಮ್ಮೂರಿನ ಗಾಳಿ ಇದ್ದಂಗದೆ" ಅಂದಳು. ಏದುಸಿರಿರಲಿಲ್ಲ.

ಶ್ರೀ ಚಿತ್ರಾದಲ್ಲಿ ಇಡೀ ದಿನ ಪರೀಕ್ಷೆ ಮಾಡಿದರು. ಕವಾಟ ಕಿರಿದಾಗಿದೆ, ಆದರೆ ತಕ್ಷಣ ಏನೂ ಮಾಡಬೇಕಾಗಿಲ್ಲ, ಮಾತ್ರೆ ನುಂಗಲಿ, ಆರು ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ ಎಂದರು. ಹಾಗಾಗಿ ಆ ದಾರಿ ನಮಗೆ ವರ್ಷಕ್ಕೆ ಎರಡು ಸಲ ಆಯಿತು. 2010ರಲ್ಲಿ ನನಗೆ ತಿರುವನಂತಪುರಕ್ಕೇ ವರ್ಗವಾದಾಗ ಅಮ್ಮ, "ಆಸ್ಪತ್ರೆ ಪಕ್ಕಕ್ಕೇ ಬಂದ್ವಲ್ಲ" ಎಂದು ಖುಷಿಪಟ್ಟಳು. ಅಲ್ಲಿ ಮೂರು ವರ್ಷ ಇದ್ದೆವು. ಆ ಕಂಡೆನ್ಸರು ನಾನು 2013ರಲ್ಲಿ ಕಾರು ಮಾರುವ ತನಕ ಇನ್ನೊಂದು ಸಲ ಗ್ಯಾಸು ಕೇಳಲಿಲ್ಲ. ಅಮ್ಮ 2016ರಲ್ಲಿ ತಿಪಟೂರಿನ ಮನೆಯಲ್ಲಿ ಕಣ್ಣು ಮುಚ್ಚಿದಳು. ಎಂಟು ವರ್ಷ ಅವಳು ಮಾತ್ರೆ ಮತ್ತು ಮಿತವಾದ ನಡಿಗೆಯಲ್ಲಿ ನೆಮ್ಮದಿಯಾಗಿಯೇ ಇದ್ದಳು.

ನಿವೃತ್ತನಾದ ಮೇಲೆ ಮತ್ತೆ ಒಣಹವೆಗೆ ಬಂದಿದ್ದೇನೆ. ಹೋದ ಬೇಸಿಗೆಯಲ್ಲಿ ತಂಗಿಯ ಮಗ ಬಂದು, "ಮಾವ, ಎ.ಸಿ. ಬಿಸಿ ಬರ್ತಿತ್ತು, ಗ್ಯಾಸ್ ಹಾಕ್ಸಿದೆ, ಈಗ ಸೂಪರ್" ಅಂದ.

"ಎಷ್ಟು ಗ್ರಾಂ?" ಎಂದು ಕೇಳಿದೆ.

ಅವನು ಪಿಳಿಪಿಳಿ ಕಣ್ಣು ಬಿಟ್ಟ. ಬಿಲ್ಲು ತೆಗೆದು ನೋಡಿದ, ಬರೆದಿರಲಿಲ್ಲ. ಎಲ್ಲಿ ಸೋರುತ್ತಿತ್ತಂತೆ ಎಂದೆ. ಅದನ್ನು ಅವರು ಹೇಳಲಿಲ್ಲ ಮಾವ ಅಂದ. ಹಾಗಾದರೆ ನಾಳೆ ವಾಪಸು ಹೋಗಿ ಸೋಪಿನ ನೀರು ಹಚ್ಚಿಸು, ಗುಳ್ಳೆ ನೋಡಿಕೊಂಡೇ ಬಾ ಎಂದು ಕಳಿಸಿದೆ.